ರಾಗಿ ಬಿಯರ್‌ಗೆ ಎಷ್ಟು ಅಂಕ?

ಮೊದಲೇ ಹೇಳಿಬಿಡುತ್ತೇನೆ, ನನಗಿನ್ನೂ 20. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಹಾಗಾಗಿ ಬಿಯರ್ ರುಚಿ ನೋಡಿ ಅಂಕ ಕೊಡುವ ಬಗ್ಗೆ ಇರುವ ಈ ಲೇಖನದಲ್ಲಿ ನಾನು ಕುಡಿದದ್ದು ನಿಂಬೆ ಸೋಡಾ ಮಾತ್ರ. ಉಳಿದವರು ಕುಡಿದರು, ನಾನು ಬರೆದುಕೊಂಡೆ. ಆ ದಿನ ಅಲ್ಲಿ ತಲೆ ನೆಟ್ಟಗಿದ್ದವನು ನಾನೊಬ್ಬನೇ ಆದ್ದರಿಂದ ಲೆಕ್ಕವನ್ನು ನಂಬಬಹುದು.

ವಯಸ್ಸಿನ ವಿಷಯದಲ್ಲಿ ನಮ್ಮ ಕಾನೂನೇ ಎರಡು ಮಾತು ಆಡುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿರುವುದು 18. 1967ರ ಪರವಾನಗಿ ನಿಯಮಗಳಲ್ಲಿರುವುದು 21. ಇವೆರಡನ್ನೂ ಸರಿಹೊಂದಿಸುತ್ತೇವೆಂದು 2023ರ ಜನವರಿಯಲ್ಲಿ ಸರ್ಕಾರ 18ಕ್ಕೆ ಇಳಿಸುವ ಕರಡು ಹೊರಡಿಸಿತು. ಎಲ್ಲ ಕಡೆಯಿಂದ ವಿರೋಧ ಬಂತು, ಕರಡನ್ನು ಕೈಬಿಟ್ಟಿತು. ನನಗೇನೂ ಬೇಸರವಿಲ್ಲ. ಈ ಬರಹ ಕುಡಿಯುವುದರ ಪರವಾಗಿಯೂ ಇಲ್ಲ. ಇದು ರೇಟಿಂಗ್ ಬಗ್ಗೆ.

ನನ್ನ ದೊಡ್ಡಪ್ಪನ ಮಗ ಬಯೊಟೆಕ್ನಾಲಜಿಯಲ್ಲಿ ಬಿಇ ಮುಗಿಸಿ, ಎಲ್ಲರಂತೆ ಸಾಫ್ಟ್‌ವೇರ್‌ಗೆ ಹೋಗದೆ, ಬೆಂಗಳೂರಿನ ಹೊರವಲಯದ ಒಂದು ಸಣ್ಣ ಬ್ರೂವರಿಯಲ್ಲಿ ಸಹಾಯಕ ಬ್ರೂವರ್ ಆಗಿ ಸೇರಿದ್ದಾನೆ. ಊರಲ್ಲಿ ಯಾರಾದರೂ ಕೇಳಿದರೆ ದೊಡ್ಡಮ್ಮ "ಫುಡ್ ಫ್ಯಾಕ್ಟರಿ ಕೆಲಸ" ಅನ್ನುತ್ತಾರೆ. ಅವನು ಆರು ತಿಂಗಳು ಗುದ್ದಾಡಿ ತನ್ನದೇ ಆದ ಒಂದು ರಾಗಿ ಬಿಯರ್ ಮಾಡಿದ. ಅದು ಟ್ಯಾಪ್‌ಗೆ ಬಂದು ಎರಡು ತಿಂಗಳಾಗಿತ್ತು. ಒಂದು ದಿನ ಮಾಲೀಕರು ಫೋನ್ ತೋರಿಸಿ, "ನೋಡಪ್ಪ, ನಿನ್ನ ರಾಗಿಯಿಂದ ನಮ್ಮ ಸ್ಟಾರ್ ಕೆಳಗೆ ಬರ್ತಿದೆ. ಮುಂದಿನ ಬ್ಯಾಚ್ ಬೇಡ, ಅದರ ಜಾಗಕ್ಕೆ ಮ್ಯಾಂಗೊ ಹಾಕು" ಅಂದರು. ಅಣ್ಣನ ಪ್ರೊಬೇಶನ್ ಮುಗಿಯಲು ಆಗ ಇನ್ನೂ ಒಂದೂವರೆ ತಿಂಗಳಿತ್ತು. ಅವನು ಮಾಡಿದ ಏಕೈಕ ಬಿಯರ್ ಅಂಕ ಸಾಲದೆ ಹೋದರೆ ಅವನ ಮೇಲೆ ಏನು ತೀರ್ಮಾನ ಆಗುತ್ತದೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಅವತ್ತು ರಾತ್ರಿ ಅವನು ನನಗೆ ಫೋನ್ ಮಾಡಿದ. "ಸ್ಟ್ಯಾಟಿಸ್ಟಿಕ್ಸ್ ಓದಿದೀಯಲ್ಲ, ಈ ಸ್ಟಾರ್‌ಗಳನ್ನ ಒಂದ್ಸಲ ನೋಡು. ಏನೋ ಸರಿ ಇಲ್ಲ ಅನ್ನಿಸ್ತಿದೆ."

ನೋಡಿದೆ. ಮೊದಲ ಸಮಸ್ಯೆ ನಮ್ಮ ಮೂರನೇ ಸೆಮಿಸ್ಟರ್ ಹುಡುಗರಿಗೂ ಗೊತ್ತಾಗುವಂಥದ್ದು, ಸರಾಸರಿ. ಒಂದು ಬಿಯರ್‌ಗೆ ಆರೇ ಜನ ಅಂಕ ಕೊಟ್ಟು ಸರಾಸರಿ 4.5 ಬಂದಿದೆ ಎಂದುಕೊಳ್ಳಿ. ಇನ್ನೊಂದಕ್ಕೆ 400 ಜನ ಕೊಟ್ಟು 3.8 ಬಂದಿದೆ. ಪಟ್ಟಿಯಲ್ಲಿ ಮೊದಲನೆಯದೇ ಮೇಲೆ ಕೂರುತ್ತದೆ. ಆದರೆ ಆ ಆರು ಜನ ಯಾರು? ಮಾಲೀಕರ ಭಾವಮೈದುನ, ಅವನ ಗೆಳೆಯರು ಇರಬಹುದು. ಇದಕ್ಕೆ ಹಳೆಯ ಒಂದು ಮದ್ದಿದೆ. ಎಲ್ಲ ಬಿಯರ್‌ಗಳ ಒಟ್ಟು ಸರಾಸರಿ 3.6 ಇದ್ದರೆ, ಪ್ರತಿ ಬಿಯರ್‌ಗೂ 3.6 ಕೊಟ್ಟ 25 ಜನ ಆಗಲೇ ಇದ್ದಾರೆ ಎಂದು ಸೇರಿಸಿಕೊಂಡು ಲೆಕ್ಕ ಹಾಕುವುದು. ಆಗ ಮೊದಲನೆಯದು 3.77ಕ್ಕೆ ಇಳಿಯುತ್ತದೆ, ಎರಡನೆಯದು 3.79ರಲ್ಲಿ ನಿಲ್ಲುತ್ತದೆ. ಯಾರು ಮೇಲೆ, ಯಾರು ಕೆಳಗೆ ಎನ್ನುವುದೇ ತಿರುಗಿಬಿತ್ತು. 25ರ ಬದಲು 10 ಹಾಕಿದರೆ ಮತ್ತೆ ತಿರುಗುತ್ತದೆ. ಅಂದರೆ ಇಲ್ಲಿ ಗೆಲ್ಲಿಸುವುದು ಬಿಯರ್ ಅಲ್ಲ, ಲೆಕ್ಕ ಹಾಕುವವನು ಆರಿಸಿಕೊಂಡ ಒಂದು ಸಂಖ್ಯೆ.

ಎರಡನೆಯದು ಜನ ಬರೆದ ಮಾತುಗಳು. ರಾಗಿ ಬಿಯರ್‌ಗೆ ಒಂದು ಸ್ಟಾರ್ ಕೊಟ್ಟ ಒಬ್ಬರು ಬರೆದದ್ದು, "ಪಾರ್ಕಿಂಗ್ ಇಲ್ಲ." ಇನ್ನೊಬ್ಬರು, "ರೇಟು ಜಾಸ್ತಿ." ರೇಟಿನ ಮಾತನ್ನೇ ತೆಗೆದುಕೊಳ್ಳಿ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ, ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈ ಬಜೆಟ್‌ನಲ್ಲಿ ಶೇ 175ರಿಂದ 185ಕ್ಕೆ, 2025ರ ಜನವರಿಯಲ್ಲಿ 195ಕ್ಕೆ ಏರಿಸಲಾಯಿತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ ಎಂಬ ಚರ್ಚೆಯಲ್ಲಿ ಈ ಸಂಖ್ಯೆಯನ್ನು ನೀವು ಓದಿಯೇ ಇರುತ್ತೀರಿ. ತೆರಿಗೆ, ಬಾಡಿಗೆ, ವಿದ್ಯುತ್ ಎಲ್ಲ ಸೇರಿ ಗ್ಲಾಸಿನ ದರ ಏರಿದರೆ ಗ್ರಾಹಕ ಸಿಟ್ಟು ತೀರಿಸಿಕೊಳ್ಳುವುದು ಬ್ರೂವರ್‌ನ ಸ್ಟಾರ್ ಮೇಲೆ. ಅಬಕಾರಿ ಇಲಾಖೆಗೆ ಸ್ಟಾರ್ ಕೊಡುವ ಜಾಗ ಇಲ್ಲವಲ್ಲ.

ಮೂರನೆಯದು ಇನ್ನೂ ತಮಾಷೆ. ಹಿಂದಿನ ವರ್ಷ ಇದೇ ಬ್ರೂವರಿಯಲ್ಲಿ ಒಂದು ಬ್ಯಾಚ್ ಹದಗೆಟ್ಟಿತ್ತು. ಹುದುಗುವಾಗ ಯೀಸ್ಟ್ ಡೈಅಸಿಟೈಲ್ ಎಂಬ ಒಂದು ವಸ್ತುವನ್ನು ಬಿಡುತ್ತದೆ. ಅದಕ್ಕೆ ಬೆಣ್ಣೆಯ, ಬಟರ್‌ಸ್ಕಾಚ್‌ನ ವಾಸನೆ. ಕೊನೆಗೆ ಒಂದೆರಡು ದಿನ ಸ್ವಲ್ಪ ಬೆಚ್ಚಗೆ ಬಿಟ್ಟರೆ ಯೀಸ್ಟ್ ತಾನೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಅಂದು ಶನಿವಾರದ ಗಿರಾಕಿಗಳಿಗೆಂದು ಅವಸರ ಮಾಡಿ ಬೇಗ ತಣ್ಣಗಾಗಿಸಿಬಿಟ್ಟರು, ವಾಸನೆ ಹಾಗೇ ಉಳಿಯಿತು. ಬ್ರೂವರ್‌ಗಳ ಕಣ್ಣಲ್ಲಿ ಇದು ದೋಷ. ಆ ವಾರ ಬಂದ ರೇಟಿಂಗ್‌ಗಳಲ್ಲಿ ಒಂದು ಹೀಗಿತ್ತು, "ಬಟರ್‌ಸ್ಕಾಚ್ ಫ್ಲೇವರ್ ಸೂಪರ್!" ಐದಕ್ಕೆ ಐದು.

ಇಷ್ಟಾದ ಮೇಲೂ ಮಾಲೀಕರು ಸ್ಟಾರ್ ಹಿಂದೆ ಯಾಕೆ ಬೀಳುತ್ತಾರೆ? ಅವರನ್ನು ಬೈಯುವುದು ಸುಲಭ. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ಬೇರೆ ದಾರಿಯೂ ಕಾಣುವುದಿಲ್ಲ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಟಿ.ವಿ.ಯಲ್ಲಿ ಮದ್ಯದ ಜಾಹೀರಾತು ಮಾಡುವಂತಿಲ್ಲ. ದೊಡ್ಡ ಕಂಪನಿಗಳು ಅದೇ ಹೆಸರಿನ ನೀರು, ಸೋಡಾ, ಮ್ಯೂಸಿಕ್ ಎಂದು ಬಳಸುದಾರಿಯಲ್ಲಿ ಬರುತ್ತವೆ. ಊರೂರಿನ ವೈನ್‌ಶಾಪ್‌ಗಳ ಕಪಾಟಿನಲ್ಲಿ ಅವುಗಳ ಬಾಟಲಿಯೇ ಜಾಹೀರಾತು. ಮೈಕ್ರೋಬ್ರೂವರಿಗೆ ಬಾಟಲಿಯೂ ಇಲ್ಲ, ಕಪಾಟೂ ಇಲ್ಲ. ತಯಾರಿಸಿದ್ದನ್ನು ಅಲ್ಲೇ ಮಾರಬೇಕು. 2020ರ ಲಾಕ್‌ಡೌನ್‌ನಲ್ಲಿ ಟ್ಯಾಂಕ್‌ಗಳಲ್ಲಿ ಬಿಯರ್ ಹಾಳಾಗತೊಡಗಿದಾಗ ಸ್ವಲ್ಪ ಕಾಲ ಪಾರ್ಸೆಲ್ ಕೊಡಲು ಸರ್ಕಾರ ಒಪ್ಪಿತ್ತು, ಅಷ್ಟೆ. ಹೀಗಿರುವಾಗ ದಾರಿಹೋಕನನ್ನು ಒಳಗೆ ಕರೆತರಲು ಸಣ್ಣವರ ಕೈಯಲ್ಲಿ ಉಳಿದಿರುವುದು ಫೋನಿನಲ್ಲಿ ಕಾಣುವ ಆ ಒಂದು ಸಂಖ್ಯೆ. ಅದಕ್ಕೇ ಕೆಲವು ಕಡೆ ಬಿಲ್ ಜೊತೆ ಕ್ಯೂಆರ್ ಕೋಡ್ ಇಟ್ಟು, "ಸರ್, ಫೈವ್ ಸ್ಟಾರ್ ಕೊಟ್ರೆ ಫ್ರೆಂಚ್ ಫ್ರೈಸ್ ಫ್ರೀ" ಅನ್ನುತ್ತಾರೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನಕ ಹೊರಡಿಸಿತು (ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಗುರುತು ಹಾಕಿಕೊಳ್ಳಿ). ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗಳನ್ನು ಪ್ರಕಟಿಸಬಾರದು ಎಂದು ಅದರಲ್ಲಿದೆ. ಆದರೆ ಅದು ಐಚ್ಛಿಕ. ಒಂದು ಪ್ಲೇಟ್ ಫ್ರೈಸ್ ದುಡ್ಡಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ನೋಡಲು ಯಾರು ಬರುತ್ತಾರೆ?

ಹಾಗಾದರೆ ಸರಿಯಾಗಿ ಅಂಕ ಕೊಡುವುದು ಹೇಗೆ? ಅಣ್ಣನ ಬಳಿ ಒಂದು ಮುದ್ರಿತ ಹಾಳೆ ಇತ್ತು. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯದ್ದು. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನ್ನಿಸುತ್ತದೆ ಎಂಬುದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನಮ್ಮ ಇಂಟರ್ನಲ್ಸ್‌ಗಿಂತ ಚೆನ್ನಾಗಿ ಭಾಗ ಮಾಡಿದ್ದಾರೆ. 21 ಬಂದರೆ "ಗುಡ್", 30 ದಾಟಿದರೆ "ವೆರಿ ಗುಡ್", 45 ದಾಟುವುದು ಅಪರೂಪ. ನೋಟಕ್ಕೆ ಬರೀ ಮೂರು ಎಂಬುದನ್ನು ಗಮನಿಸಿ. ನಾವು ಫೋಟೊ ತೆಗೆಯಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೇವೋ ಅದಕ್ಕೆ ಅವರ ಲೆಕ್ಕದಲ್ಲಿ ಶೇ 6.

ಒಂದು ಭಾನುವಾರ ಮಧ್ಯಾಹ್ನ, ಗಿರಾಕಿಗಳು ಬರುವ ಮೊದಲು, ಅಣ್ಣನ ಆರು ಗೆಳೆಯರು ಸೇರಿದರು. ಎಲ್ಲರಿಗೂ 24 ದಾಟಿತ್ತು, ಎಲ್ಲರೂ ಮೆಟ್ರೊ, ಆಟೊದಲ್ಲಿ ಬಂದಿದ್ದರು. (ರಕ್ತದಲ್ಲಿ 100 ಮಿಲಿಲೀಟರ್‌ಗೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಜೈಲು, ನೆನಪಿರಲಿ.) ಐದು ಬಿಯರ್‌ಗಳು: ಲಾಗರ್, ಗೋಧಿಯ ಹೆಫೆವೈಜನ್, ಐಪಿಎ, ಕೊಡಗಿನ ಕಾಫಿ ಹಾಕಿದ ಸ್ಟೌಟ್, ಕೊನೆಗೆ ರಾಗಿ. ಒಂದೊಂದೂ 60 ಮಿಲಿ. ಹೆಸರು ಹೇಳಿ ಕೊಟ್ಟೆವು. ಐಪಿಎ ಮೊದಲು ಬಂತು, ಗೋಧಿ ಎರಡನೆಯದು, ಸ್ಟೌಟ್, ಲಾಗರ್, ರಾಗಿ ಕೊನೆಗೆ. ಆನ್‌ಲೈನ್‌ನಲ್ಲಿ ಇದ್ದದ್ದೂ ಸುಮಾರಿಗೆ ಇದೇ ಕ್ರಮ. ಅಣ್ಣನ ಮುಖ ಸಪ್ಪಗಾಯಿತು.

ಮುಂದಿನ ಭಾನುವಾರ ಅದೇ ಆರು ಜನ, ಅದೇ ಐದು ಬಿಯರ್, ಆದರೆ ಹೆಸರಿಲ್ಲ. ಬಣ್ಣ ನೋಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದು ಅಡುಗೆಮನೆಯಿಂದ ಸ್ಟೀಲ್ ಲೋಟ ತಂದು, ದೀಪ ಕಡಿಮೆ ಮಾಡಿದೆವು. ನೋಟದ ಮೂರು ಅಂಕ ಕೈಬಿಟ್ಟು 47ಕ್ಕೆ ಲೆಕ್ಕ. ನಾನು ಇನ್ನೊಂದು ಕಿತಾಪತಿ ಮಾಡಿದೆ. ಲೋಟ ಆರು ಇಟ್ಟೆ. ಎರಡನೆಯದರಲ್ಲೂ ಆರನೆಯದರಲ್ಲೂ ಒಂದೇ ಗೋಧಿ ಬಿಯರ್. ಇದನ್ನು ಅಣ್ಣನಿಗೂ ಹೇಳಿರಲಿಲ್ಲ.

ರಾಗಿ ಗೆದ್ದಿತು ಅಂತ ಬರೆದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಗೆಲ್ಲಲಿಲ್ಲ. ಕೊನೆಯಲ್ಲಿದ್ದದ್ದು ಮೂರನೆಯದಕ್ಕೆ ಬಂತು. ಹಿಂದಿನ ವಾರ "ಸಪ್ಪೆ" ಅನ್ನಿಸಿಕೊಂಡಿದ್ದ ಲಾಗರ್ ಎರಡನೆಯದಾಯಿತು, ಐಪಿಎ ಐದಕ್ಕೆ ಇಳಿಯಿತು. ಐಪಿಎ ಬಿಟ್ಟು ಬೇರೇನೂ ಕುಡಿಯುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದ ಒಬ್ಬರು ಅದಕ್ಕೆ ಎಲ್ಲರಿಗಿಂತ ಕಡಿಮೆ ಕೊಟ್ಟು, ಹೆಸರು ಗೊತ್ತಾದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಆದರೆ ನನಗೆ ಮುಖ್ಯ ಅನ್ನಿಸಿದ್ದು ಆ ಎರಡು ಲೋಟಗಳು. ಒಬ್ಬರು ಎರಡನೇ ಲೋಟಕ್ಕೆ 29 ಕೊಟ್ಟು ಆರನೆಯದಕ್ಕೆ 36 ಕೊಟ್ಟಿದ್ದರು. ಅದೇ ಬಿಯರ್, ಅದೇ ನಾಲಿಗೆ, ನಡುವೆ ಇಪ್ಪತ್ತು ನಿಮಿಷ. ಏಳು ಅಂಕದ ವ್ಯತ್ಯಾಸ. ಉಳಿದವರಲ್ಲೂ ಮೂರು, ನಾಲ್ಕು ಇತ್ತು. ಮೆಟ್ರಾಲಜಿ ಲ್ಯಾಬ್‌ನಲ್ಲಿ ವರ್ನಿಯರ್ ಹಿಡಿದು ಒಂದೇ ತುಂಡನ್ನು ಹತ್ತು ಸಲ ಅಳೆಯುವುದು ಯಾಕೆ ಎಂದು ಬೇಸರಪಟ್ಟವರಲ್ಲಿ ನಾನೂ ಒಬ್ಬ. ಅಳತೆಗೋಲೇ ಏಳು ಅಂಕ ಆಚೀಚೆ ಹೋಗುವಾಗ, ಮೂರನೆಯದಕ್ಕೂ ಐದನೆಯದಕ್ಕೂ ಇದ್ದ ನಾಲ್ಕು ಅಂಕದ ಅಂತರಕ್ಕೆ ಏನರ್ಥ? ರಾಗಿ ಮೂರನೆಯದು ಎಂದು ನಾನು ಹೇಳುವಂತಿಲ್ಲ. ಅದು ಕೊನೆಯದು ಎಂದು ಮಾಲೀಕರೂ ಹೇಳುವಂತಿಲ್ಲ. ಆರು ಜನರ ಪರೀಕ್ಷೆಯಿಂದ ಇದಕ್ಕಿಂತ ಹೆಚ್ಚು ಸಿಗುವುದಿಲ್ಲ, ಆದರೆ ಇಷ್ಟು ಸಿಕ್ಕಿತು.

ಮೊದಲ ವಾರ ಹಾಳೆಯಲ್ಲಿ ಅವರು ಬರೆದ ವಿವರಣೆಗಳು ಹೀಗಿದ್ದವು: ಸೂಪರ್, ಓಕೆ, ಸ್ಮೂತ್, ನಾಟ್ ಬ್ಯಾಡ್, ರಿಫ್ರೆಶಿಂಗ್. ಇದರಿಂದ ಬ್ರೂವರ್‌ಗೆ ಏನು ತಿಳಿಯಬೇಕು? ಎರಡನೇ ವಾರ ಬರೆಯುವವನು ನಾನೇ ಆದ್ದರಿಂದ ಒಂದು ಷರತ್ತು ಹಾಕಿದೆ: ಇಂಗ್ಲಿಷ್ ಪದ ಬರೆದುಕೊಳ್ಳುವುದಿಲ್ಲ. ಸ್ವಲ್ಪ ಗೊಣಗಿದರು. ಆಮೇಲೆ ಬಂದ ಮಾತುಗಳು ನೋಡಿ. ಐಪಿಎಗೆ, "ಬೇವಿನ ಚಿಗುರು ಅಗಿದು ಮೇಲೆ ಕಿತ್ತಳೆ ಸಿಪ್ಪೆ ಮೂಸಿದ ಹಾಗೆ." ಗೋಧಿಗೆ, "ಏಲಕ್ಕಿ ಬಾಳೆ, ಹಿಂದೆ ಲವಂಗ." ಇದು ಬರೀ ಕಲ್ಪನೆಯಲ್ಲ. ಆ ಯೀಸ್ಟ್ ಬಿಡುವ ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣಿನಲ್ಲೂ ಇರುವಂಥದ್ದೇ. ಸ್ಟೌಟ್‌ಗೆ ಚಿಕ್ಕಮಗಳೂರಿನವರೊಬ್ಬರು, "ಕಾಫಿ ಬೀಜ ಹುರಿಯುವಾಗ ಅಜ್ಜಿ ಬೈದು ಎಬ್ಬಿಸೋಷ್ಟರಲ್ಲಿ ಒಂದು ಚೂರು ಸೀದಿರುತ್ತಲ್ಲ, ಅದು" ಅಂದರು. ರಾಗಿಗೆ ಬಂದ ಮಾತುಗಳೇ ಹೆಚ್ಚು. "ಹುರಿಹಿಟ್ಟಿನ ಘಮ." "ಹಿಂದಿನ ದಿನದ ಅಂಬಲಿ." "ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಹಿಡಿಯುತ್ತಲ್ಲ, ಆ ಒಗರು."

ಒಗರು ಎಂಬ ಪದಕ್ಕೆ ಅಣ್ಣ ಎದ್ದು ಕೂತ.

ರಾಗಿಯ ಸಿಪ್ಪೆಯಲ್ಲಿ ಪಾಲಿಫೀನಾಲ್‌ಗಳು, ಟ್ಯಾನಿನ್‌ಗಳು ಇರುತ್ತವೆ. ಒಗರು ಬರುವುದು ಅಲ್ಲಿಂದ. ಬಾರ್ಲಿಗೆ ಅಭ್ಯಾಸವಾದ ಅಮೆರಿಕದ ಆ ಅಂಕದ ಹಾಳೆಯಲ್ಲಿ ಒಗರನ್ನು ದೋಷಗಳ ಪಟ್ಟಿಯಲ್ಲಿ ಹಾಕಿದ್ದಾರೆ. ಅವರ ಬಿಯರ್‌ನಲ್ಲಿ ಒಗರು ಬಂತೆಂದರೆ ಮಾಲ್ಟನ್ನು ಅತಿಯಾಗಿ ಬಿಸಿನೀರಿನಲ್ಲಿ ತೊಳೆದಿದ್ದಾರೆ ಎಂದರ್ಥ, ಅದು ನಿಜಕ್ಕೂ ತಪ್ಪು. ಆದರೆ ನಮಗೆ ಒಗರು ಒಂದು ರುಚಿ. ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂದು ಚಿಕ್ಕವರಿದ್ದಾಗಲೇ ಷಡ್ರಸ ಎಣಿಸಿದವರು ನಾವು. ಮಾವಿನಮಿಡಿ, ಅಡಿಕೆ, ಬಾಳೆದಿಂಡು, ಒಗರಿಲ್ಲದ ಊಟ ನಮ್ಮಲ್ಲಿ ಎಷ್ಟಿದೆ? ಅಂದರೆ ಮೊದಲ ವಾರ ಆ ಹುಡುಗರು ರಾಗಿ ಬಿಯರ್‌ಗೆ ಕಡಿಮೆ ಕೊಟ್ಟದ್ದು ಕೆಟ್ಟದಾಗಿದೆ ಎಂದಲ್ಲ. "ಬಿಯರ್" ಎಂಬ ಹೆಸರು ಕೇಳಿ ಅವರ ಬಾಯಿ ಬೇರೊಂದಕ್ಕೆ ಸಿದ್ಧವಾಗಿತ್ತು. ಕಾಫಿ ಎಂದುಕೊಂಡು ಕಷಾಯ ಕುಡಿದರೆ ಕಷಾಯಕ್ಕೆ ಎಷ್ಟು ಸ್ಟಾರ್ ಬರುತ್ತದೆ?

ಹಾಗೆಂದು ಆ ಅಮೆರಿಕದವರ ಮೇಲೆ ತಪ್ಪು ಹೊರಿಸುವುದೂ ಸರಿಯಲ್ಲ. ಅವರ ನಿಯಮಾವಳಿಯ ಕೊನೆಯಲ್ಲಿ ಸ್ಥಳೀಯ ಬಿಯರ್‌ಗಳಿಗೆಂದೇ ಒಂದು ಅನುಬಂಧವಿದೆ. ಬ್ರೆಜಿಲ್‌ನ ಸಾಂತಾ ಕತರೀನಾ ಎಂಬ ರಾಜ್ಯದ ಸಣ್ಣ ಬ್ರೂವರಿಗಳು ತಮ್ಮಲ್ಲಿ ಸಿಗುವ ಹಣ್ಣು ಹಾಕಿ ಮಾಡಿದ ಹುಳಿ ಬಿಯರ್ "ಕತರೀನಾ ಸಾವರ್" ಎಂಬ ಹೆಸರಿನಲ್ಲಿ ಅದರಲ್ಲಿ ಸೇರಿದೆ. ಅಲ್ಲಿ ಹುಳಿ ದೋಷವಲ್ಲ, ಅದೇ ಲಕ್ಷಣ. ಅರ್ಜೆಂಟೀನಾ, ಇಟಲಿ, ನ್ಯೂಜಿಲೆಂಡ್‌ನವೂ ಇವೆ. ಭಾರತದ್ದು ಒಂದೂ ಇಲ್ಲ. ಇಂಡಿಯಾ ಪೇಲ್ ಏಲ್‌ನಲ್ಲಿ ನಮ್ಮ ಹೆಸರಿದೆ ನಿಜ, ಅದು ಇಂಗ್ಲೆಂಡ್‌ನಿಂದ ಇಲ್ಲಿದ್ದ ಬ್ರಿಟಿಷರಿಗಾಗಿ ಹಡಗಿನಲ್ಲಿ ಬರುತ್ತಿದ್ದ ಬಿಯರ್. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 2023ನ್ನು ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ ಎಂದು ಆಚರಿಸಿದೆವು. ಸಿಕ್ಕಿಂನಲ್ಲಿ ಇದೇ ಧಾನ್ಯವನ್ನು ಹುದುಗಿಸಿ ಬಿದಿರಿನ ಪಾತ್ರೆಯಲ್ಲಿ ತೊಂಗ್ಬಾ ಎಂದು ಕುಡಿಯುವುದು ತಲೆಮಾರುಗಳ ರೂಢಿ. ರಾಗಿ ಬಿಯರ್ ಹೀಗಿದ್ದರೆ ಚೆನ್ನ, ಹೀಗಿದ್ದರೆ ಕೆಟ್ಟದ್ದು ಎಂದು ಇಲ್ಲಿ ಕೂತು ಯಾರಾದರೂ ಬರೆದಿಡುವವರೆಗೆ ಅದು ಬಾರ್ಲಿಯ ಪರೀಕ್ಷೆಯಲ್ಲೇ ಫೇಲಾಗುತ್ತಿರುತ್ತದೆ.

ಬೆಂಗಳೂರಿಗೆ ಈ ಕೆಲಸ ಮಾಡುವ ಯೋಗ್ಯತೆ ಇಲ್ಲದೇ ಇಲ್ಲ. ದೇಶದ ಮೊದಲ ಮೈಕ್ರೋಬ್ರೂವರಿಗಳಲ್ಲಿ ಒಂದಾದ ಡೂಲಾಲಿ 2009ರಲ್ಲಿ ಪುಣೆಯಲ್ಲಿ ಶುರುವಾಯಿತು. ಮರುವರ್ಷ ಇಂದಿರಾನಗರದಲ್ಲಿ ಟಾಯ್ಟ್ ಬಂತು. ಅಲ್ಲಿಂದೀಚೆಗೆ ಈ ನಗರದಲ್ಲಿ ಇಂಥವು ಎಪ್ಪತ್ತು ದಾಟಿವೆ. ಬಾಸ್ಮತಿ, ಕಾಫಿ, ಮಾವು ಎಲ್ಲವೂ ಟ್ಯಾಂಕ್‌ಗೆ ಬಿದ್ದಿವೆ. ಆದರೆ ಮಾವು ಬೇಗ ಸ್ಟಾರ್ ತರುತ್ತದೆ, ಒಗರು ತರುವುದಿಲ್ಲ. ಎಲ್ಲರೂ ಒಂದೇ ಸಂಖ್ಯೆಯ ಹಿಂದೆ ಓಡಿದರೆ ಎಪ್ಪತ್ತು ಬ್ರೂವರಿಗಳಲ್ಲೂ ಕೊನೆಗೆ ಅದೇ ಐದು ಬಿಯರ್. ದೊಡ್ಡ ಕಂಪನಿಯ ಬಾಟಲಿ ಎಲ್ಲ ಕಡೆ ಒಂದೇ ರುಚಿ ಎಂದು ತಾನೆ ಜನ ಇಲ್ಲಿಗೆ ಬಂದದ್ದು?

ಈ ಕೆಲಸದ ಬಗ್ಗೆ ಕೇಳುವ ಜೂನಿಯರ್‌ಗಳಿದ್ದಾರೆ, ಅದಕ್ಕೊಂದೆರಡು ಮಾತು. ಬಯೊಟೆಕ್, ಕೆಮಿಕಲ್, ಫುಡ್ ಟೆಕ್ನಾಲಜಿ ಓದಿದವರಿಗೆ ಇಲ್ಲಿ ಜಾಗವಿದೆ, ಆದರೆ ಕಡಿಮೆ. ಒಂದು ಬ್ರೂವರಿಗೆ ಇಬ್ಬರು, ಮೂವರು ಸಾಕು. ದಿನದ ಬಹುಪಾಲು ಹೋಗುವುದು ತೊಳೆಯುವುದರಲ್ಲಿ. ಕಾಸ್ಟಿಕ್ ಸೋಡಾ, ಆಮ್ಲ, ಮತ್ತೆ ಬಿಸಿನೀರು. ಅಣ್ಣನ ಕೈ ನೋಡಿದರೆ ಗಾರೆ ಕೆಲಸದವನದ್ದು ಎನ್ನಬೇಕು. ಒಂದು ಲೀಟರ್ ಬಿಯರ್‌ಗೆ ನಾಲ್ಕರಿಂದ ಏಳು ಲೀಟರ್ ನೀರು ಹೋಗುತ್ತದೆ ಎಂಬುದು ಉದ್ಯಮದ ಸಾಮಾನ್ಯ ಲೆಕ್ಕ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವೇ ಟ್ಯಾಂಕರ್‌ಗೆ ಕ್ಯೂ ನಿಂತಿದ್ದಾಗ ಈ ಲೆಕ್ಕ ಕೇಳಿ ನನಗೂ ಕಸಿವಿಸಿಯಾಗಿತ್ತು. ಉಳಿದ ಚರಟ ಮಾತ್ರ ವ್ಯರ್ಥವಾಗುವುದಿಲ್ಲ, ಹತ್ತಿರದ ಹಳ್ಳಿಯವರು ದನಕ್ಕೆ ಒಯ್ಯುತ್ತಾರೆ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ನಾನು ಕೂಡ ಫ್ರೈಸ್ ತಿಂದು ಸ್ಟಾರ್ ಕೊಟ್ಟವರ ಸಾಲಿಗೆ ಸೇರುತ್ತೇನೆ. ಆ 50 ಅಂಕದ ಹಾಳೆಯಲ್ಲಿ ಆರೋಗ್ಯಕ್ಕೆ ಕಾಲಂ ಇಲ್ಲ. ಶೇ 5ರ ಬಿಯರ್ ಒಂದು ಸಣ್ಣ ಬಾಟಲಿಯಲ್ಲಿ, ಅಂದರೆ 330 ಮಿಲಿಯಲ್ಲಿ, ಸುಮಾರು 13 ಗ್ರಾಂ ಆಲ್ಕೋಹಾಲ್ ಇರುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಮದ್ಯ ಸೇರಿದ್ದು 1988ರಲ್ಲಿ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮತ್ತೆ ಹೇಳಿತು. ಸಣ್ಣ ಬ್ರೂವರಿಯದ್ದು, ಸ್ಥಳೀಯ ರಾಗಿಯದ್ದು, ಕೈಯಿಂದ ಮಾಡಿದ್ದು ಎಂದ ಮಾತ್ರಕ್ಕೆ ಯಕೃತ್ತು ರಿಯಾಯಿತಿ ಕೊಡುವುದಿಲ್ಲ. ಅಣ್ಣ ಸ್ವತಃ ವಾರದಲ್ಲಿ ನಾಲ್ಕು ದಿನ ನಾಲಿಗೆಗೆ ಮುಟ್ಟಿಸಿ ಉಗುಳುತ್ತಾನೆ.

ಅಂಕದ ಹಾಳೆ, ಎರಡು ಲೋಟದ ಲೆಕ್ಕ, ಒಗರಿನ ವಿಷಯ ಎಲ್ಲವನ್ನೂ ಎರಡು ಪುಟದಲ್ಲಿ ಟೈಪ್ ಮಾಡಿಕೊಟ್ಟೆ. ಅಣ್ಣ ಅದನ್ನು ಮಾಲೀಕರ ಮುಂದೆ ಇಟ್ಟ. ಅವರು ಪೂರ್ತಿ ಓದಿದರು. ಓದಿ, "ಇದೆಲ್ಲ ಸರಿ ಕಣಪ್ಪ, ಆದ್ರೆ ಬಾಡಿಗೆ ಕೇಳೋಕೆ ಬರೋನು ನಿನ್ ತಮ್ಮನ ಲೆಕ್ಕ ನೋಡ್ತಾನಾ?" ಅಂದರಂತೆ. ಮಾತು ನ್ಯಾಯವಾದದ್ದೇ. 500 ಲೀಟರ್ ಟ್ಯಾಂಕ್, ಖರ್ಚಾಗದಿದ್ದರೆ ಧಾನ್ಯ, ಗ್ಯಾಸ್, ಎರಡು ವಾರ ಎಲ್ಲವೂ ಮೋರಿಗೆ. ಕೊನೆಗೆ ಒಂದು ಒಪ್ಪಂದವಾಯಿತು. ಮ್ಯಾಂಗೊ ಬರುತ್ತದೆ. ರಾಗಿಗೆ ಇನ್ನೊಂದೇ ಒಂದು ಬ್ಯಾಚ್, ಅರ್ಧ ಟ್ಯಾಂಕ್. ಪ್ರೊಬೇಶನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ಮುಗಿಯಲಿಲ್ಲ, ಮುರಿಯಲೂ ಇಲ್ಲ.

ಈ ಸಲ ಅಣ್ಣ ರಾಗಿಯನ್ನು ಸ್ವಲ್ಪ ಕಡಿಮೆ ಹೊತ್ತು ನೆನೆಸಿ ನೋಡಿದ, ಒಗರು ತುಸು ಇಳಿದಿದೆಯಂತೆ. ಪೂರ್ತಿ ತೆಗೆಯಲು ಮನಸ್ಸಾಗಲಿಲ್ಲ. ಟ್ಯಾಪ್‌ನ ಮೇಲಿನ ಕಪ್ಪು ಹಲಗೆಯಲ್ಲಿ ಹೆಸರಿನ ಕೆಳಗೆ ಸೀಮೆಸುಣ್ಣದಲ್ಲಿ ಹೀಗೆ ಬರೆದಿದ್ದಾನೆ: "ಹುರಿಹಿಟ್ಟಿನ ಘಮ, ಕೊನೆಗೆ ಒಗರು. ಮೊದಲು ಅರ್ಧ ಲೋಟ ಕೇಳಿ."

ಹಲಗೆ ಬರೆದ ಮೂರನೇ ದಿನ ಒಂದು ರೇಟಿಂಗ್ ಬಂತು. ಮೂರು ಸ್ಟಾರ್. ಕೆಳಗೆ ಕನ್ನಡದಲ್ಲೇ ಬರೆದಿದ್ದರು, "ಒಗರು ಇನ್ನೂ ಸ್ವಲ್ಪ ಇರಬಹುದಿತ್ತು." ಅಣ್ಣ ಅದರ ಸ್ಕ್ರೀನ್‌ಶಾಟ್ ತೆಗೆದು ಮೊದಲು ಮಾಲೀಕರಿಗೆ, ಆಮೇಲೆ ನನಗೆ, ಕೊನೆಗೆ ದೊಡ್ಡಮ್ಮನಿಗೂ ಕಳಿಸಿದ. ದೊಡ್ಡಮ್ಮ ಫೋನ್ ಮಾಡಿ ಕೇಳಿದ್ದು, "ರಾಗಿಗೆ ಒಗರು ಇರದೆ ಇನ್ನೇನಿರುತ್ತೋ?"